ಮೀನು ನೀರಲ್ಲಿ, ಊಟ ದಡದಲ್ಲಿ

ಕೇಳುಗರಿಗೆ ನಮಸ್ಕಾರ.

ಹಳ್ಳದ ನೀರು ತಿಳಿಯಾಗಿ ಹರಿಯುತ್ತಿದ್ದರೆ ಅಲ್ಲಿನ ಮೀನುಗಳು ಸುಖವಾಗಿವೆ ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ. ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಹಳ್ಳದ ಮೀನಿಗೆ ಬರುವ ಕಷ್ಟ ಹೆಚ್ಚಾಗಿ ನೀರಿನಲ್ಲಿ ಹುಟ್ಟುವುದೇ ಇಲ್ಲ. ದಡದಲ್ಲಿ, ಗುಡ್ಡದಲ್ಲಿ, ರಸ್ತೆಯಲ್ಲಿ ಹುಟ್ಟಿ ನೀರಿಗೆ ಇಳಿಯುತ್ತದೆ.

ಇದು ಸಣ್ಣ ವಿಷಯವಲ್ಲ. ಭೂಮಿಯ ಮೇಲೆ ನದಿ, ಕೆರೆ, ಹಳ್ಳಗಳ ಸಿಹಿನೀರು ಹರಡಿರುವ ಜಾಗ ಶೇಕಡಾ 1ರ ಆಸುಪಾಸು. ಆದರೆ ಜಗತ್ತಿನ ಮೀನಿನ ಜಾತಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬದುಕುವುದು ಅಲ್ಲೇ.

ಹರಿಯುವ ಹಳ್ಳದಲ್ಲಿ ಹುಳ ತಿನ್ನುವ ಮೀನು ಹೇಗೆ ನಿಲ್ಲುತ್ತದೆ ನೋಡಿ. ತಲೆ ನೀರು ಬರುವ ಕಡೆಗೆ. ದೊಡ್ಡ ಕಲ್ಲೊಂದರ ಮರೆಯಲ್ಲಿ, ಸೆಳವು ಕಡಿಮೆ ಇರುವ ಜಾಗ. ಪಕ್ಕದಲ್ಲೇ ರಭಸದ ನೀರು. ಅದರಲ್ಲಿ ಹುಳವೊಂದು ತೇಲಿ ಬಂದರೆ ಸರ್ರನೆ ನುಗ್ಗಿ ಹಿಡಿದು, ಮತ್ತೆ ಕಲ್ಲಿನ ಮರೆಗೆ. ಈಜುವ ಶ್ರಮ ಕಡಿಮೆ, ಊಟ ಜಾಸ್ತಿ. ಇಂಥ ಜಾಗಕ್ಕಾಗಿ ಮೀನುಗಳು ಕಾದಾಡುತ್ತವೆ. ಸಾಮಾನ್ಯವಾಗಿ ದೊಡ್ಡದೇ ಗೆಲ್ಲುತ್ತದೆ.

ಆ ಹುಳ ಎಲ್ಲಿಂದ ಬಂತು? ಕೆಲವು ಹಳ್ಳದ ತಳದಲ್ಲೇ ಬೆಳೆದವು. ದಡದ ಮರದಿಂದ ಉದುರಿದ ಎಲೆ ನೀರಿನಲ್ಲಿ ನೆನೆದು, ಶಿಲೀಂಧ್ರ ಹತ್ತಿ ಮೆತ್ತಗಾದ ಮೇಲೆ ಅದನ್ನೇ ಹರಿದು ತಿಂದು ಕೊಬ್ಬಿದವು. ಇನ್ನು ಕೆಲವು ಮರದ ಮೇಲಿನಿಂದಲೇ ಬಿದ್ದ ಇರುವೆ, ಜೀರುಂಡೆ, ಕಂಬಳಿಹುಳು. ಹೀಗೆ ನೋಡಿದರೆ ಮೀನಿಗೆ ಬಡಿಸುವುದು ಮರವೇ, ಅಲ್ವಾ?

ಇದನ್ನು ಜಪಾನಿನ ವಿಜ್ಞಾನಿ ಶಿಗೆರು ನಕಾನೊ ಮತ್ತು ಜೊತೆಗಾರರು ಪ್ರಯೋಗ ಮಾಡಿಯೇ ತೋರಿಸಿದರು. ಹೊಕ್ಕೈಡೊ ದ್ವೀಪದ ಕಾಡಿನ ಹಳ್ಳವೊಂದಕ್ಕೆ ಅಲ್ಲಲ್ಲಿ ಮೇಲಿನಿಂದ ಹೊದಿಕೆ ಹಾಕಿದರು. ಮರದ ಹುಳ ನೀರಿಗೆ ಬೀಳದಂತೆ ತಡೆಯುವುದು, ಅಷ್ಟೇ. ನೀರನ್ನು ಮುಟ್ಟಲೇ ಇಲ್ಲ. ಅಲ್ಲಿ ಡಾಲಿ ವಾರ್ಡನ್ ಅನ್ನೋ ಮೀನಿದೆ. ಮೇಲಿನ ಊಟ ನಿಂತಾಗ ಅದು ಬಾಯಿಯನ್ನು ತಳದ ಹುಳಗಳ ಕಡೆ ತಿರುಗಿಸಿತು. ಪಾಚಿ ಮೇಯುವ ಹುಳ ಕಡಿಮೆಯಾದವು. ಕಲ್ಲಿನ ಮೇಲೆ ಪಾಚಿ ಹೆಚ್ಚಿತು. ಮರದಿಂದ ಹುಳ ಬೀಳದಿದ್ದರೆ ಕಲ್ಲಿಗೆ ಪಾಚಿ ಹತ್ತುತ್ತದೆ ಎಂದರೆ ಸುಮ್ನೆ ಕೂತು ಯೋಚಿಸಿದವರಿಗೆ ಹೊಳೆಯುವ ಮಾತೇ ಇದು?

ಮುಂದಿನದು ಇನ್ನೂ ಸ್ವಾರಸ್ಯದ್ದು. ಹೊರಗಿನಿಂದ ತಂದ ರೈನ್‌ಬೋ ಟ್ರೌಟ್ ಮೀನನ್ನು ಇದೇ ಬಗೆಯ ಪ್ರಯೋಗದಲ್ಲಿ ಬಿಟ್ಟು ನೋಡಿದರು. ಅದು ಮರದಿಂದ ಬೀಳುವ ಹುಳಗಳನ್ನೆಲ್ಲ ಮೊದಲೇ ಕಬಳಿಸಿತು. ಪಾಪ, ಡಾಲಿ ವಾರ್ಡನ್ ಮತ್ತೆ ತಳಕ್ಕೆ ಇಳಿಯಿತು. ತಳದ ಹುಳಗಳು ಬಲಿತು ರೆಕ್ಕೆ ಮೂಡಿ ನೀರಿನಿಂದ ಹೊರಗೆ ಹಾರಬೇಕಿತ್ತು. ಅದಕ್ಕೆ ಮುಂಚೆಯೇ ಹೊಟ್ಟೆ ಸೇರಿದವು. ಆ ಹುಳಗಳಿಗಾಗಿ ದಡದಲ್ಲಿ ಬಲೆ ಕಟ್ಟಿ ಕಾಯುವ ಜೇಡಗಳ ಸಂಖ್ಯೆ ಶೇಕಡಾ 65ರಷ್ಟು ಇಳಿಯಿತು. ನೀರಿಗೆ ಒಂದು ಹೊಸ ಮೀನು ಬಿಟ್ಟಿದ್ದಕ್ಕೆ ಕಾಡಿನ ಜೇಡ ಉಪವಾಸ ಬಿತ್ತು.

ಮರ ಕಡಿದರೆ ಊಟದ ಜೊತೆ ನೆರಳೂ ಹೋಗುತ್ತದೆ. ಮೀನಿಗೆ ನಮ್ಮಂತೆ ಮೈಬಿಸಿಯನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನೀರು ಕಾದರೆ ಅದರ ಮೈಯೂ ಕಾಯುತ್ತದೆ. 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಎರಡು ಪಟ್ಟಾಗುತ್ತದೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಯಲ್ಲಿ ಏಳೂವರೆ. ಖರ್ಚು ಏರಿದಾಗಲೇ ಸಂಬಳ ಕಡಿತವಾದ ಹಾಗೆ.

ಗುಡ್ಡದ ಮಣ್ಣು ಸಡಿಲಗೊಂಡು ಬರುವ ಹೂಳಿನ ಕಥೆ ಬೇರೆ. ಸಾಲ್ಮನ್, ಟ್ರೌಟ್ ಜಾತಿಯ ಹೆಣ್ಣು ಮೀನು ಬಾಲ ಬಡಿದು ಉರುಟುಕಲ್ಲುಗಳ ನಡುವೆ ಗುಳಿ ತೋಡಿ, ಮೊಟ್ಟೆಯಿಟ್ಟು, ಮೇಲೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು. ನಯವಾದ ಹೂಳು ಸಂದಿಗಳನ್ನು ಮುಚ್ಚಿದರೆ ಮೊಟ್ಟೆ ಒಳಗೇ ಸಾಯುತ್ತದೆ. ಮೇಲೆ ನಿಂತು ನೋಡುವವರಿಗೆ ಮಾತ್ರ ನೀರು ಆಗಲೇ ತಿಳಿಯಾಗಿರುತ್ತದೆ.

ನೀರು ಬಿಸಿಯಾದರೆ ಮೀನು ತಂಪಿರುವ ಮೇಲಿನ ಹಳ್ಳಕ್ಕೆ ಹೋಗಬಹುದಲ್ಲ ಎನ್ನುತ್ತೀರಿ. ದಾರಿ ಇದ್ದರೆ ತಾನೆ? ಅಣೆಕಟ್ಟು ಎಂದರೆ ನಮಗೆ ದೊಡ್ಡದೇ ನೆನಪಾಗುತ್ತದೆ. ಆದರೆ 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಯುರೋಪಿನ ಹೊಳೆಹಳ್ಳಗಳಲ್ಲಿ ಕನಿಷ್ಠ 12 ಲಕ್ಷ ತಡೆಗಳಿವೆ. ಹೆಚ್ಚಿನವು ಎರಡು ಮೀಟರಿಗಿಂತ ಕುಳ್ಳು. ರಸ್ತೆಯ ಕೆಳಗಿನ ಮೋರಿ ಕೂಡ ಸಾಕು. ಮೋರಿಯ ಬಾಯಿ ಹಳ್ಳದ ಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ನೆಗೆಯಲಾರದ ಸಣ್ಣ ಮೀನಿಗೆ ಅದೇ ಗೋಡೆ. ಕಟ್ಟುವಾಗ ನೀರು ಇಳಿದು ಹೋಗುವುದನ್ನಷ್ಟೇ ಯೋಚಿಸುತ್ತಾರೆ, ಮೀನು ಹತ್ತಿ ಬರುವುದನ್ನಲ್ಲ.

ರಸ್ತೆ ಎಂದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲ ಹಳ್ಳಗಳಿಗೆ ಮೊಟ್ಟೆಯಿಡಲು ಸಮುದ್ರದಿಂದ ಬರುವ ಕೋಹೊ ಸಾಲ್ಮನ್‌ಗಳು ಮಳೆ ಬಿದ್ದೊಡನೆ ದಿಕ್ಕೆಟ್ಟು ಸುತ್ತಿ, ಬಾಯಿ ತೆರೆದು, ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಹೊಟ್ಟೆ ತುಂಬ ಮೊಟ್ಟೆ ಹಾಗೇ ಇರುತ್ತಿತ್ತು. ಅದೇ ನೀರಿನಲ್ಲಿ ಚಮ್ ಸಾಲ್ಮನ್ ಆರಾಮಾಗಿತ್ತು. ವರ್ಷಗಟ್ಟಲೆ ಕಾರಣ ಸಿಗಲಿಲ್ಲ. 2020ರ ಕೊನೆಗೆ ಸಿಕ್ಕಿತು: ಟೈರು. ರಬ್ಬರು ಬಿರುಕು ಬಿಡದಿರಲೆಂದು 6ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಸವೆದ ಟೈರಿನ ಪುಡಿಯಿಂದ ಅದು ಮಳೆನೀರಿಗೆ ಸೇರಿ ಹಳ್ಳಕ್ಕಿಳಿಯುತ್ತದೆ. ಕೋಹೊಗೆ ಅದರ ಅಣು ಪ್ರಮಾಣವೇ ವಿಷ.

ಬದಲಿ ರಾಸಾಯನಿಕ ಹುಡುಕಿ ಎಂದು ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಟೈರು ಮಾಡುವವರಿಗೆ ನಿಯಮ ತಂದಿತು. ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ವಿಷದ ಹೆಸರು ತಿಳಿಯುವ ಮೊದಲೇ ಸಂಶೋಧಕರು ಒಂದು ಕೆಲಸ ಮಾಡಿದ್ದರು. ರಸ್ತೆಯ ಮಳೆನೀರನ್ನು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಇಳಿಸಿ, ಆ ನೀರಿನಲ್ಲಿ ಕೋಹೊಗಳನ್ನು ಬಿಟ್ಟರು. ಸೋಸದ ನೀರಿನಲ್ಲಿದ್ದವೆಲ್ಲ ಸತ್ತವು, ಮಣ್ಣಿನಲ್ಲಿ ಸೋಸಿದ ನೀರಿನಲ್ಲಿದ್ದವೆಲ್ಲ ಬದುಕಿದವು. ರಸ್ತೆಗೂ ಹಳ್ಳಕ್ಕೂ ನಡುವೆ ಇಂಥ ಒಂದು ಪಟ್ಟಿ ಮಣ್ಣು, ಅದರ ಮೇಲೆ ನಾಲ್ಕು ಗಿಡ ಇದ್ದರೆ ಆ ಕೆಲಸ ನಡೆಯುತ್ತದೆ. ನಮಸ್ಕಾರ.