ಕೊಡೆ ಎಲ್ಲಿ?

ನಮಸ್ಕಾರ.

ಬಾನುಲಿಯಲ್ಲಿ ನನ್ನ ಮುಖ ನಿಮಗೆ ಕಾಣುವುದಿಲ್ಲ. ಇಲ್ಲಿ ಕೂತು ಮುಖದ ಬಗ್ಗೆಯೇ ಮಾತಾಡಲು ಹೊರಟಿದ್ದೇನೆ. ಸ್ವಲ್ಪ ವಿಚಿತ್ರವೇ. ಆದರೆ ಈಚೆಗೆ ಮನೆಯಲ್ಲಿ ಮೊಮ್ಮಗಳು ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ದಸರಾ ರಜೆಗೆ ಶಿರಸಿ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಜಗಲಿಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಬಗ್ಗಿ ನೋಡಿದರೆ ‘ಮಾಲ್ಗುಡಿ ಡೇಸ್’. ಸ್ವಾಮಿಯ ಅಪ್ಪ ಮಗನನ್ನು ಗದರುತ್ತಿದ್ದಾರೆ. ಇವಳು ಅಲ್ಲಿಗೇ ನಿಲ್ಲಿಸಿ ಕೇಳಿದಳು, “ಅಜ್ಜಾ, ಇವರಿಗೆ ಸಿಟ್ಟು ಬಂದದ್ದಾ, ಬೇಜಾರಾ?”

ನಾನು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ನಿಲ್ಲಿಸಿದ ಚಿತ್ರದಲ್ಲಿ ಹೇಳುವುದೇ ಕಷ್ಟ. “ಮುಂದೆ ಬಿಡು, ನೋಡುವ” ಅಂದೆ. ಮುಂದೆ ಬಿಟ್ಟರೂ ಹೇಳಲಿಕ್ಕೆ ಬರಲಿಲ್ಲ.

ಆ ಧಾರಾವಾಹಿ ನಾನು ಮೊದಲು ನೋಡಿದ್ದು ಕಾರವಾರದಲ್ಲಿ. ಹೊಸದಾಗಿ ನೌಕರಿಗೆ ಸೇರಿದ್ದೆ, ಬಾಡಿಗೆ ಕೋಣೆ. ಮಾಲಕರ ಮನೆಯಲ್ಲಿ ಕಪ್ಪು ಬಿಳುಪಿನ ಟಿವಿ. ಸಮುದ್ರದ ಗಾಳಿಗೆ ಆಂಟೆನಾ ತಿರುಗಿಬಿಡುತ್ತಿತ್ತು. ಒಬ್ಬ ಹೆಂಚಿನ ಮೇಲೆ ಹತ್ತಬೇಕು, ಕೆಳಗಿನಿಂದ ಇನ್ನೊಬ್ಬ ಕೂಗಬೇಕು. “ಬಂತಾ?” “ಬಂತು, ಬಂತು… ಹೋಯ್ತು!” ಹೆಚ್ಚಾಗಿ ಹೆಂಚು ಹತ್ತುವವನು ನಾನೇ. ಬಾಡಿಗೆಯವನಲ್ವಾ! ಅರ್ಧ ಧಾರಾವಾಹಿಯನ್ನು ನಾನು ಕಿವಿಯಿಂದಲೇ ನೋಡಿದ್ದು. ಅದರಿಂದ ಒಂದು ಲಾಭವೂ ಆಯಿತು. ಗಿರೀಶ ಕಾರ್ನಾಡರ ದನಿ ಕಿವಿಯಲ್ಲಿ ಕೂತುಬಿಟ್ಟಿತು.

ಹೌದು, ಸ್ವಾಮಿಯ ಅಪ್ಪನ ಪಾತ್ರ ಕಾರ್ನಾಡರದ್ದು. ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ನಿರ್ದೇಶನ ಶಂಕರ್ ನಾಗ್ ಅವರದ್ದು. ಹಿಂದಿ ಧಾರಾವಾಹಿ, ಇಂಗ್ಲಿಷಿನಲ್ಲಿ ಬರೆದ ಕಥೆ, ಚಿತ್ರೀಕರಣ ಬಹುಪಾಲು ಆಗುಂಬೆಯಲ್ಲಿ. ಆದರೂ ನಮ್ಮ ಜಿಲ್ಲೆಯವರು ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದು. ಶಂಕರ್ ನಾಗ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದಲ್ಲಿ. ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಕಂಪನಿ ನಾಟಕ ಮತ್ತು ಯಕ್ಷಗಾನ ನೋಡುತ್ತ. ಇನ್ನೊಂದು ತಮಾಷೆ ಇದೆ. 1978ರ ‘ಒಂದಾನೊಂದು ಕಾಲದಲ್ಲಿ’ ಸಿನಿಮಾಕ್ಕೆ ಕಾರ್ನಾಡರು ನಿರ್ದೇಶಕರು, ಶಂಕರ್ ನಾಗ್ ನಟ. ಎಂಟು ವರ್ಷ ಕಳೆಯುವುದರೊಳಗೆ ಅದಲು ಬದಲು. ಘಟ್ಟದ ಮೇಲಿನ ಹುಡುಗ ಕ್ಯಾಮೆರಾ ಮುಂದೆ, ಕೆಳಗಿನ ಹುಡುಗ ಕ್ಯಾಮೆರಾ ಹಿಂದೆ.

ಸ್ವಾಮಿಯ ಕಥೆಯಲ್ಲಿ ಒಂದು ಮಾವಿನಹಣ್ಣಿನ ಲೆಕ್ಕ ಬರುತ್ತದೆ. ರಾಮನ ಹತ್ತಿರ ಹತ್ತು ಹಣ್ಣು. ಎಲ್ಲ ಸೇರಿ ಹದಿನೈದಾಣೆ ಆಗಬೇಕು ಅವನಿಗೆ. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಎಷ್ಟು ಕೊಡಬೇಕು? ಉತ್ತರ ಆರಾಣೆ. ಆದರೆ ಸ್ವಾಮಿಗೆ ಬೇರೆಯೇ ಚಿಂತೆ. ಹಣ್ಣು ಮಾಗಿದೆಯಾ, ಕಾಯಿಯಾ? ಅಪ್ಪ ಕೇಳುತ್ತಾರೆ, ಮಗ ಹಣ್ಣಿನ ಬಣ್ಣ ಯೋಚಿಸುತ್ತಾನೆ. ಅಪ್ಪ ಮತ್ತೆ ಕೇಳುತ್ತಾರೆ. ನಗು ಬರುವ ಪ್ರಸಂಗವೇ. ಆದರೆ ಆ ಅಪ್ಪನಿಗೆ ನಗು ಬರುವುದಿಲ್ಲ. ನನ್ನ ಮಗನಿಗೆ ಇಷ್ಟೂ ಬರುವುದಿಲ್ಲವಾ ಎಂಬ ಒಂದು ಸಣ್ಣ ಮುಳ್ಳು ಅವರಿಗೆ ಚುಚ್ಚಿದೆ. ಕಾರ್ನಾಡರ ಸ್ವಾಮಿಯಪ್ಪ ನನಗೆ ಇಷ್ಟ ಆಗುವುದು ಇದಕ್ಕೇ. ಅವರು ಪ್ರಶ್ನೆ ಕೇಳಿದರೆ ನಿಜವಾಗಿಯೂ ಉತ್ತರ ಬೇಕು ಅನ್ನುವ ಹಾಗೆ ಕೇಳುತ್ತಾರೆ. ಕೇಳಿ, ಕಾಯುತ್ತಾರೆ.

ಕೇಳಿ ಕಾಯುವುದು ಸುಲಭ ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ. ಒಂದು ಸಲ ಸರಿಯಾಗಿ ಪೆಟ್ಟು ತಿಂದ ಮೇಲೆ ಬುದ್ಧಿ ಬಂತು.

ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನ ಮೇಳದ ಆಟ ಇರುವುದಿಲ್ಲ. ಆಗ ತಾಳಮದ್ದಳೆ. ವೇಷ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತಾಡುತ್ತಾನೆ. ನಡುವೆ ಎಲೆಯಡಿಕೆಯ ಕವಳದ ಹರಿವಾಣ. ನಾನು ಒಂದು ಕಾಲದಲ್ಲಿ ಅರ್ಥ ಹೇಳುವ ಹುಚ್ಚು ಹತ್ತಿಸಿಕೊಂಡಿದ್ದೆ. ಒಂದು ಮನೆಯಲ್ಲಿ ವಾಲಿವಧೆ ಪ್ರಸಂಗ. ಅವತ್ತು ಯಾರೋ ಬರಲಿಲ್ಲ ಅಂತ ವಾಲಿಯ ಪಾತ್ರ ನನಗೆ ಬಂತು. ರಾಮನ ಅರ್ಥಕ್ಕೆ ಒಬ್ಬ ಹಿರಿಯರು.

ವಾಲಿಯ ಸ್ಥಿತಿ ನೋಡಿ. ಅವನು ಕಾದುತ್ತಿದ್ದದ್ದು ತಮ್ಮನ ಜೊತೆ. ಬಾಣ ಬಂದದ್ದು ಮರೆಯಿಂದ. ಬಿದ್ದವನು ಏಳಲಾರ. ಬಿದ್ದಲ್ಲಿಂದಲೇ ರಾಮನನ್ನು ಕೇಳುತ್ತಾನೆ. ವಾಲ್ಮೀಕಿಯ ವಾಲಿ ಕೇಳುವ ಪ್ರಶ್ನೆಗಳೇ ಹೊಟ್ಟೆ ಕಿವುಚುವಂಥವು. ನಿನ್ನ ನಾಡಿಗೆ ಬಂದು ನಾನೇನಾದರೂ ಕೆಡುಕು ಮಾಡಿದ್ದೆನಾ? ಮಂಗನ ಚರ್ಮ ಹೊದೆಯಲಿಕ್ಕೆ ಬರುವುದಿಲ್ಲ, ಮಾಂಸ ತಿನ್ನಲಿಕ್ಕೆ ಬರುವುದಿಲ್ಲ, ಮತ್ತೆ ಯಾತಕ್ಕೆ ಹೊಡೆದೆ? ನನಗೆ ಒಂದು ಮಾತು ಹೇಳಿದ್ದರೆ ರಾವಣನನ್ನು ಕಟ್ಟಿ ತಂದುಕೊಡುತ್ತಿರಲಿಲ್ಲವಾ?

ನಾನು ಇದನ್ನೆಲ್ಲ ಜಗಲಿಯ ಹೆಂಚು ಹಾರುವಂತೆ ಕೂಗಿದೆ. ಕುತ್ತಿಗೆಯ ನರ ಉಬ್ಬಿತು. ಕೂತವರಲ್ಲಿ ಎರಡು ಮೂರು ಜನ ಚಪ್ಪಾಳೆಯನ್ನೂ ಹೊಡೆದರು. ನನಗೆ ಖುಷಿಯೋ ಖುಷಿ. ಮುಗಿದ ಮೇಲೆ ಕಷಾಯ ಕುಡಿಯುತ್ತ ಕೂತಾಗ ಆ ಹಿರಿಯರು ನಿಧಾನಕ್ಕೆ ಹೇಳಿದರು, “ತಮಾ, ಚೊಲೋ ಕೇಳ್ದೆ. ಆದ್ರೆ ಉತ್ತರಕ್ಕೆ ಕಾದ್ಯಾ?”

ನಾನು ಬಾಯಿ ಬಿಡಲಿಲ್ಲ.

“ಬಾಣ ಬಿದ್ದಂವಂಗೆ ಕೂಗ್ಲಿಕ್ಕೆ ಉಸಿರು ಎಲ್ಲಿರ್ತು ಮಾರಾಯಾ? ಅಂವ ರಾಮನ್ನ ಬೈಯ್ತಾ ಇಲ್ಲೆ. ರಾಮ ಎಂತಾದ್ರೂ ಒಂದು ಕಾರಣ ಹೇಳ್ಲಿ, ತನಗೆ ಸಮಾಧಾನ ಆಗ್ಲಿ ಅಂತ ಕಾಯ್ತಾ ಇದ್ದ.” ಇಷ್ಟು ಹೇಳಿ ಕವಳಕ್ಕೆ ಸುಣ್ಣ ಹಚ್ಚಲು ಶುರು ಮಾಡಿದರು.

ಆಮೇಲೆ ಎಷ್ಟೋ ದಿನ ನಾನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಈಗ ನೆನೆಸಿಕೊಂಡರೆ, ಟಿವಿಯ ನಟನೆಯನ್ನು ನೋಡಲಿಕ್ಕೆ ನನಗೆ ಕಲಿಸಿದ್ದು ಆ ಒಂದು ಮಾತು.

ಬಯಲಾಟದ ಸಿಟ್ಟು ಬೇರೆ. ಅದು ಗದ್ದೆಯ ಆ ಕೊನೆಯಲ್ಲಿ ಕಂಬಳಿ ಹೊದ್ದು ಕೂತವನಿಗೂ ಕಾಣಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ನೋಡಿದವರಿಗೆ ಗೊತ್ತು. ಅಲ್ಲಿ ಭಾವ ಬರೀ ಮುಖದಲ್ಲಿಲ್ಲ. ಕಾಲಿನಲ್ಲಿದೆ, ಕತ್ತಿನಲ್ಲಿದೆ, ಬೆರಳ ತುದಿಯಲ್ಲಿದೆ. ಚಂಡೆ ಅದನ್ನು ಹೊತ್ತು ತರುತ್ತದೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮೂರಿನಲ್ಲಿ ಒಬ್ಬರು ಹೇಳಿದ್ದರು, ಅವರ ಹುಬ್ಬಿಗೇ ಒಂದು ಬೇರೆ ಪದ್ಮಶ್ರೀ ಕೊಡಬೇಕಿತ್ತು ಅಂತ.

ಟಿವಿಯ ಕ್ಯಾಮೆರಾ ಮೂಗಿನ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಅಷ್ಟೇ ಹುಬ್ಬು ಹಾರಿಸಿದರೆ ಮನೆಯ ಮಗು ಹೆದರಿ ಅತ್ತೀತು. ಹಾಗಾಗಿ ಟಿವಿ ನಟನೆಗೆ ಬಯಲಾಟಕ್ಕಿಂತ ತಾಳಮದ್ದಳೆಯೇ ಹತ್ತಿರದ ನೆಂಟ ಅಂತ ನನ್ನ ಲೆಕ್ಕ. ಕೂತಲ್ಲೇ ಕೂತು, ದನಿ ಮತ್ತು ಕಣ್ಣು ಎರಡರಲ್ಲೇ ಮುಗಿಸಬೇಕು. ಯಕ್ಷಗಾನದವರು ನನ್ನನ್ನು ಬೈದರೂ ಅಡ್ಡಿ ಇಲ್ಲ.

ಶಾಸ್ತ್ರದಲ್ಲಿ ಇದಕ್ಕೆ ಏನು ಹೇಳಿದ್ದಾರೆ? ಭರತನ ನಾಟ್ಯಶಾಸ್ತ್ರದಲ್ಲಿ ರೌದ್ರಕ್ಕೆ ಕೆಂಪು ಬಣ್ಣ, ಕರುಣಕ್ಕೆ ಪಾರಿವಾಳದ ಬಣ್ಣ. ರೌದ್ರದಿಂದ ಕರುಣ ಹುಟ್ಟುತ್ತದೆ ಅಂತಲೂ ಅಲ್ಲಿದೆ. ಒಬ್ಬ ಸಿಟ್ಟಿನಿಂದ ಹೊಡೆದ, ಇನ್ನೊಬ್ಬರ ಮನೆಯಲ್ಲಿ ಅಳು ಎದ್ದಿತು. ಸರಿಯಾದದ್ದೇ. ಆದರೆ ಮನೆಯೊಳಗಿನ ಜಗಳದಲ್ಲಿ ಇದು ಉಲ್ಟಾ ನಡೆಯುತ್ತದೆ ಅಲ್ವಾ? ಮೊದಲು ನೋವು. ಸಿಟ್ಟು ಅದರ ಬೆನ್ನಿಗೆ ಬರುತ್ತದೆ, ಅದೂ ಬೇರೆ ದಾರಿಯಲ್ಲಿ. ಮಗ ಊರಿಗೆ ಬರಲಿಲ್ಲ ಅಂತ ನೋವು. ಸಿಟ್ಟು ಮಾತ್ರ ಹಾಲು ಉಕ್ಕಿಸಿದ ಸೊಸೆಯ ಮೇಲೆ.

1988ರ ಅಕ್ಟೋಬರ್ 2ರಂದು ಶುರುವಾದ ‘ಮಹಾಭಾರತ’ ಧಾರಾವಾಹಿಯ ದ್ರೌಪದಿಯನ್ನು ನೆನೆಸಿಕೊಳ್ಳಿ. ರೂಪಾ ಗಂಗೂಲಿ ಮಾಡಿದ ಪಾತ್ರ. ಆ ಸಭೆಯಲ್ಲಿ ಅತ್ತದ್ದು ಎಲ್ಲರಿಗೂ ನೆನಪಿದೆ. ನಾನು ಯೋಚಿಸುವುದು ಆ ಪಾತ್ರದ ಬುಡದಲ್ಲಿರುವ ಪ್ರಶ್ನೆಯ ಬಗ್ಗೆ. ಕರೆಯಲು ಬಂದ ದೂತನನ್ನು ವ್ಯಾಸರ ದ್ರೌಪದಿ ವಾಪಸ್ಸು ಕಳಿಸುತ್ತಾಳೆ. ಹೋಗಿ ಕೇಳಿಕೊಂಡು ಬಾ, ಮೊದಲು ತನ್ನನ್ನು ಸೋತರೋ, ನನ್ನನ್ನು ಸೋತರೋ? ಕೇಳಿದಳು, ಕಾದಳು. ಸಭೆಯಲ್ಲಿ ಭೀಷ್ಮರಿಗೂ ನೆಟ್ಟಗೆ ಉತ್ತರ ಹೇಳಲಿಕ್ಕೆ ಬರಲಿಲ್ಲ. ವಾಲಿ ಕೇಳಿದ್ದೂ ಪ್ರಶ್ನೆಯೇ.

ಈಗಿನ ದಿನನಿತ್ಯದ ಧಾರಾವಾಹಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೊಸೆ ಒಂದು ಮಾತು ಕೇಳುತ್ತಾಳೆ. ಢಂ! ಅತ್ತೆಯ ಮುಖ. ಢಂ! ಅದೇ ಮುಖ ಎಡಗಡೆಯಿಂದ. ಢಂ! ಬಲಗಡೆಯಿಂದ. ಉತ್ತರ ನಾಳೆ. ಪಾಪ, ನಟರದ್ದು ತಪ್ಪಲ್ಲ. ಜಾಹೀರಾತು ಕಳೆದು ಇಪ್ಪತ್ತು ಚಿಲ್ಲರೆ ನಿಮಿಷ, ಅದು ದಿನಾ ತುಂಬಬೇಕು.

ಆದರೂ ಒಮ್ಮೊಮ್ಮೆ ಅದರಲ್ಲೂ ಏನೋ ಸಿಕ್ಕಿಬಿಡುತ್ತದೆ. ನಮ್ಮ ಮನೆಯವಳು ನೋಡುವ ಒಂದು ಧಾರಾವಾಹಿಯಲ್ಲಿ ಅಡುಗೆಮನೆಯ ಒಂದು ದೃಶ್ಯ ಬಂತು. ಹೆಂಗಸು ಬೆಂಡೆಕಾಯಿ ಹೆಚ್ಚುತ್ತಿದ್ದಾಳೆ. ಹಿಂದಿನಿಂದ ಗಂಡ ಬಂದು, ಕಪಾಟಿನ ದುಡ್ಡು ನೀನೇ ತೆಗೆದೆಯಾ ಅಂತ ಕೇಳುತ್ತಾನೆ. ಆ ನಟಿ ತಿರುಗಲಿಲ್ಲ. ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. ಚಾಕುವಿನ ಟಕ್ ಟಕ್ ಮಾತ್ರ ನಿಧಾನ ಆಯಿತು. ಒಂದು ಹೋಳು, ತಡೆದು ಇನ್ನೊಂದು ಹೋಳು. ಆಮೇಲೆ, “ಎಷ್ಟಿತ್ತು?” ಅಂತ ಕೇಳಿದಳು. ಇತ್ತ ನಮ್ಮ ಮನೆಯವಳು ಬೀನ್ಸಿನ ನಾರು ತೆಗೆಯುತ್ತಿದ್ದವಳು ಕೈ ನಿಲ್ಲಿಸಿ ಕೂತಿದ್ದಳು. ಅಷ್ಟರಲ್ಲಿ ಢಂ! ಎಲ್ಲ ಹಾಳಾಯಿತು, ಬಿಡಿ.

ಮತ್ತೆ ಸ್ವಾಮಿಗೆ ಬರೋಣ. ಕಥೆಯಲ್ಲಿ ಅವನು ಶಾಲೆಯಲ್ಲಿ ಹೆಡ್‌ಮಾಸ್ಟರರ ಬೆತ್ತ ಕಸಿದು ಕಿಟಕಿಯಿಂದ ಬಿಸಾಡಿ ಓಡುತ್ತಾನೆ. ಆಮೇಲೆ ಊರೇ ಬಿಟ್ಟು ಕಾಡು ಸೇರುತ್ತಾನೆ. ರಾತ್ರಿಯಾದರೂ ಮಗ ಇಲ್ಲ. ಅಷ್ಟು ದಿನ ಗದರುತ್ತಿದ್ದ ಅಪ್ಪ ಹುಡುಕಿಕೊಂಡು ಹೋಗುತ್ತಾರೆ. ನದಿಯ ದಂಡೆಗೂ ಹೋಗುತ್ತಾರೆ, ರೈಲು ಹಳಿಗೂ ಹೋಗುತ್ತಾರೆ. ಯಾತಕ್ಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾರವಾರದ ಆ ಮನೆಯಲ್ಲಿ ಈ ಭಾಗ ಬಂದಾಗ ನಾನು ಹೆಂಚಿನ ಮೇಲೆ ಇರಲಿಲ್ಲ. ಅವತ್ತು ಗಾಳಿ ಇರಲಿಲ್ಲ. ಕೆಳಗೇ ಕೂತು ನೋಡಿದೆ. ಮುಗಿಯುವ ಮೊದಲೇ ಎದ್ದು ನನ್ನ ಕೋಣೆಗೆ ಹೋದೆ. ಏನಾಯಿತು ಅಂತ ಮಾಲಕರು ಕೇಳಿದರು. ತಲೆನೋವು ಅಂದೆ.

ನನಗೆ ನೆನಪಾದದ್ದು ಬೇರೆ. ನಾನು ಚಿಕ್ಕವನಿದ್ದಾಗಿನ ಮಾತು, ಐದನೇ ಇಯತ್ತೆ. ಆಷಾಢದ ಮಳೆ. ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ, ಅದಕ್ಕೆ ಅಡಕೆ ಮರದ ಸಂಕ. ಬೆಳಿಗ್ಗೆ ದಾಟುವಾಗ ಗಾಳಿ ಬೀಸಿ ಕೊಡೆ ಕೈಯಿಂದ ಹಾರಿ ಹಳ್ಳಕ್ಕೆ ಬಿತ್ತು. ನೋಡುತ್ತಿದ್ದಂತೆಯೇ ಹೋಯಿತು. ಹೆದರಿಕೆಗೆ ಸಂಜೆ ಮನೆಗೆ ಹೋಗದೆ ಗೆಳೆಯನ ಮನೆಯಲ್ಲಿ ಕೂತೆ. ಕತ್ತಲಾದ ಮೇಲೆ ಅವರೇ ಬೈದು ಕಳಿಸಿದರು. ಸಂಕದ ಹತ್ತಿರ ಬಂದರೆ ಆಚೆ ಒಂದು ಲಾಟೀನು. ಅದು ದಾರಿಯ ಮೇಲೆ ಇರಲಿಲ್ಲ. ಕೆಳಗೆ, ನೀರಿನ ಅಂಚಿನಲ್ಲಿ ಓಡಾಡುತ್ತಿತ್ತು.

“ಅಪ್ಪಯ್ಯಾ” ಅಂದೆ.

ಲಾಟೀನು ನಿಂತಿತು. ಅಪ್ಪ ಮೇಲೆ ಹತ್ತಿ ಬಂದರು. ತಲೆಯ ಮೇಲೆ ಕಂಬಳಿಕೊಪ್ಪೆ, ಮೊಣಕಾಲವರೆಗೆ ಕೆಸರು. ಲಾಟೀನನ್ನು ನನ್ನ ಪಾದದ ಹತ್ತಿರ ಹಿಡಿದು ನಿಧಾನಕ್ಕೆ ಮುಖದವರೆಗೆ ಎತ್ತಿದರು. ಹೊಡೆಯುತ್ತಾರೆ ಅಂತ ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ.

“ಕೊಡೆ ಎಲ್ಲಿ?” ಅಂದರು.

ದನಿ ಏರಿಸಲಿಲ್ಲ. ಆದರೆ ಅಂಥ ಸಿಟ್ಟಿನ ದನಿ ನಾನು ಅವರ ಬಾಯಲ್ಲಿ ಮತ್ತೆ ಯಾವತ್ತೂ ಕೇಳಲಿಲ್ಲ. ಕೇಳಿ, ಮಳೆಯಲ್ಲಿ ಹಾಗೇ ನಿಂತರು.

“ಶಾಲೆಯಲ್ಲಿ ಮರೆತೆ” ಅಂದೆ.

“ಹ್ಞೂಂ” ಅಂದು ಮುಂದೆ ನಡೆದರು. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಜಗಲಿಯ ಗೂಟದಲ್ಲಿ ನನ್ನ ಕೊಡೆ ನೇತಾಡುತ್ತಿತ್ತು. ಬಿಡಿಸಿದೆ. ಒಳಗಿನ ಕಡ್ಡಿಗೆ ಒಂದು ತುಂಡು ಕೇದಗೆ ಎಲೆ ಸಿಕ್ಕಿಕೊಂಡಿತ್ತು. ಹಿಂದಿನ ದಿನ ಹೊತ್ತು ಇಳಿಯುವ ಮೊದಲೇ ತೋಟದ ಕೆಲಸದವನು ಅದನ್ನು ಹಳ್ಳದ ಕೇದಗೆ ಹಿಂಡಿನಿಂದ ತೆಗೆದು ತಂದು ಅಪ್ಪನ ಕೈಗೆ ಕೊಟ್ಟಿದ್ದನಂತೆ.

ನಮಸ್ಕಾರ.