ದೇವರ ಫೋಟೊ ಹಿಂದೆ ಏನಿದೆ?

ನಮಸ್ಕಾರ. ಇವತ್ತು ಒಂದು ಹಳೆಯ ಕ್ಯಾಲೆಂಡರ್‌ನಿಂದ ಶುರು ಮಾಡುತ್ತೇನೆ.

ನಮ್ಮಜ್ಜಿ ಮನೆಯ ದೇವರ ಗೂಡಿನ ಪಕ್ಕ ರಾಧಾ ಕೃಷ್ಣರ ಚಿತ್ರ ಒಂದಿತ್ತು. ಅದು ಮೊದಲು ಕ್ಯಾಲೆಂಡರ್. ವರ್ಷ ಮುಗಿದ ಮೇಲೆ ಅಜ್ಜಿ ತಾರೀಖಿನ ಭಾಗ ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ, ಕುಂಕುಮ ಹಚ್ಚಿಬಿಟ್ಟರು. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ ಅಲ್ವಾ? ಅದರ ಮೂಲೆಯಲ್ಲಿ ಸಣ್ಣ ಅಕ್ಷರದ ಸಹಿ ಇತ್ತು. ಎಸ್. ಎಂ. ಪಂಡಿತ್.

ಕಲಬುರಗಿಯವರು. 1916ರಲ್ಲಿ ಹುಟ್ಟಿದವರು. ಅದೇ ಊರಿನಲ್ಲಿ ಶಂಕರರಾವ್ ಆಳಂದಕರ್ ಅವರ ಹತ್ತಿರ ಚಿತ್ರಕಲೆ ಕಲಿತು ಮುಂಬೈಗೆ ಹೋದರು. ಅಲ್ಲಿ ಮೆಟ್ರೊ ಸಿನಿಮಾ ಮಂದಿರಕ್ಕೆ ಹಾಲಿವುಡ್ ಚಿತ್ರಗಳ ಜಾಹೀರಾತು ಬರೆದರು. ಆಮೇಲೆ ಪುರಾಣದ ಚಿತ್ರಗಳು, ಕ್ಯಾಲೆಂಡರ್‌ಗಳು. 1993ರಲ್ಲಿ ತೀರಿಕೊಂಡರು. ದೇಶದ ತುಂಬ ಜನ ಅವರ ಚಿತ್ರಕ್ಕೆ ಕೈ ಮುಗಿದಿದ್ದಾರೆ. ಬರೆದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ನನ್ನ ತಕರಾರು ಇರುವುದು ಇಲ್ಲೇ. ಕಲಾವಿದರ ಬಗ್ಗೆ ನಾವು ಎರಡು ಕೆಲಸ ಮಾಡುತ್ತೇವೆ, ಎರಡನ್ನೂ ಅರ್ಧಕ್ಕೆ ಬಿಡುತ್ತೇವೆ. ಒಂದು, ಪ್ರದರ್ಶನ. ದೀಪ ಹಚ್ಚುತ್ತೇವೆ, ಭಾಷಣ, ಕಾಫಿ. ಚಿತ್ರದ ಕೆಳಗೆ ಒಂದು ಚೀಟಿ: "ಜಲವರ್ಣ, ಕಾಗದದ ಮೇಲೆ." ಅಷ್ಟೇ. ಎಲ್ಲಿ ಕೂತು ಬರೆದರು, ಯಾರು ಬರೆಸಿದರು, ಎಷ್ಟು ದುಡ್ಡು ಕೊಟ್ಟರು, ಕೇಳಬೇಡಿ. ವಾರ ಕಳೆದರೆ ಗೋಡೆ ಖಾಲಿ, ಚೀಟಿ ಕಸದ ಬುಟ್ಟಿಗೆ.

ಇನ್ನೊಂದು, ಅಭಿನಂದನ ಗ್ರಂಥ. ಅಯ್ಯೋ, ಅದರ ತೂಕ! ನೂರು ಜನ ನೂರು ಲೇಖನ ಬರೆದಿರುತ್ತಾರೆ. ಎಲ್ಲರೂ "ಸರಳ ಸಜ್ಜನಿಕೆಯ ವ್ಯಕ್ತಿ" ಎನ್ನುತ್ತಾರೆ. ಆ ಮನುಷ್ಯ ಯಾರ ಜೊತೆ ಜಗಳ ಆಡಿದರು, ಯಾವ ವರ್ಷ ಕೈಯಲ್ಲಿ ಕೆಲಸ ಇರಲಿಲ್ಲ, ಅದು ಒಂದು ಪುಟದಲ್ಲೂ ಸಿಗುವುದಿಲ್ಲ.

ಕೆ. ವೆಂಕಟಪ್ಪನವರನ್ನೇ ನೋಡಿ. ಮೈಸೂರಿನ ಚಿತ್ರಗಾರರ ಮನೆತನ. 1886ರಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಚಿತ್ರಕಲಾವಿದ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾದರು. ವಾಪಸ್ ಬಂದ ಮೇಲೆ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಮದುವೆ ಆಗಲಿಲ್ಲ. ಊಟಿಯ ಬೆಟ್ಟ, ಮಂಜನ್ನು ಜಲವರ್ಣದಲ್ಲಿ ತಂದರು. ಆ ಚಿತ್ರಗಳ ಮುಂದೆ ನಿಂತರೆ ಮೈ ತಣ್ಣಗಾಗುತ್ತದೆ, ಸುಮ್ನೆ ಹೇಳುತ್ತಿಲ್ಲ. ಡೈರಿ ಬರೆಯುತ್ತಿದ್ದರು. ತಮ್ಮ ಕೆಲಸ, ತಮ್ಮ ಹೆಸರಿನ ವಿಷಯದಲ್ಲಿ ಎಷ್ಟು ಬಿಗಿ ಎಂದರೆ, ಅದಕ್ಕಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯೇ ಇದೆ.

ಈಗ ಹೇಳಿ, ಆ ಕೋರ್ಟಿನ ಕಥೆ ಬಿಟ್ಟು ಬರೀ "ಮಹಾನ್ ಕಲಾವಿದ" ಎಂದರೆ ಏನು ತಿಳಿಯುತ್ತದೆ? ರಾಜರ ಆಶ್ರಯ ಮುಗಿಯುವ ಕಾಲಕ್ಕೆ ಒಬ್ಬ ಕಲಾವಿದನಿಗೆ ತನ್ನ ಬೆಲೆ ಏನು ಎಂಬ ಪ್ರಶ್ನೆ ಎದ್ದಿತಲ್ಲ, ಮೈಸೂರಿನ ಚರಿತ್ರೆ ಇರುವುದು ಆ ಪ್ರಶ್ನೆಯಲ್ಲಿ. ಜಗಳ ತೆಗೆದುಹಾಕಿದರೆ ಉಳಿಯುವುದು ಹಾರ ಹಾಕಿದ ಫೋಟೊ.

ಅದಕ್ಕೇ ನಾನು ಹೇಳುವುದು, ಪ್ರತಿ ಪ್ರದರ್ಶನದ ಜೊತೆ ಒಂದು ಸಣ್ಣ ಜೀವನಚರಿತ್ರೆ ಬರಲಿ. ಅರವತ್ತು ಪುಟ ಸಾಕು. ಕನ್ನಡದಲ್ಲಿ. ಆರ್ಟ್ ಪೇಪರ್ ಬೇಡ, ಬಸ್ ಸ್ಟ್ಯಾಂಡಿನಲ್ಲಿ ಕೂತು ಓದುವ ಹಾಗಿರಲಿ. ಗ್ರಂಥಾಲಯಕ್ಕೆ ಸಗಟು ಮಾರಲೆಂದೇ ಪುಸ್ತಕ ದಪ್ಪ ಮಾಡುವ ಚಟ ನಮ್ಮಲ್ಲಿ ಜಾಸ್ತಿ. (ಪ್ರಕಾಶಕ ಗೆಳೆಯರು ಬೈಯಬಹುದು, ಬೈಯಲಿ.) ಬರೆಯುವವರು ಮೊದಲು ಕಲಾವಿದರ ಮನೆಗೆ ಹೋಗಬೇಕು. ಟ್ರಂಕು ತೆಗೆಸಬೇಕು. ಪತ್ರ, ರಸೀದಿ, ಬಣ್ಣದ ಅಂಗಡಿಯ ಬಿಲ್ಲು, ಎಲ್ಲವನ್ನೂ ಸ್ಕ್ಯಾನ್ ಮಾಡಬೇಕು. ಆ ರಸೀದಿಯನ್ನೂ ಚಿತ್ರದ ಪಕ್ಕದಲ್ಲೇ ತೂಗುಹಾಕಬೇಕು. ಜನ ಚಿತ್ರಕ್ಕಿಂತ ರಸೀದಿಯ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ, ಬೇಕಾದರೆ ನೋಡಿ.

ಮೊನ್ನೆ ಊರಿಗೆ ಹೋದಾಗ ಅಜ್ಜಿಯ ಆ ಚಿತ್ರವನ್ನು ಮೊಳೆಯಿಂದ ಇಳಿಸಿದೆ. ಯಾವ ವರ್ಷದ್ದು, ಯಾವ ಪ್ರೆಸ್ಸಿನದು ಎಂದು ಹುಡುಕಲು. ಮುಂಬದಿಯ ತಾರೀಖನ್ನಂತೂ ಅಜ್ಜಿ ಕತ್ತರಿಸಿಬಿಟ್ಟಿದ್ದರಲ್ಲ. ಕಟ್ಟಿನ ಹಿಂದೆ ರಟ್ಟು ಬಿಚ್ಚುತ್ತಾ ಕೂತಿದ್ದಾಗ ಅತ್ತೆ ಬಂದು ಬೈದರು: "ದೇವರ ಬೆನ್ನು ಯಾರಾದರೂ ನೋಡುತ್ತಾರೇನೋ?"