ಸದ್ದು ಕೂಡಿಸುವ ಆಟ: ಟಿವಿ ಓದು ಕಲಿಸಿದ ಬಗೆ

ಕೇಳುಗರಿಗೆ ನಮಸ್ಕಾರ.

ಸಿ, ಎ, ಟಿ. ಈ ಮೂರನ್ನೂ ಬೇಗ ಬೇಗ ಹೇಳಿ ನೋಡಿ. ಸಿ-ಎ-ಟಿ, ಸಿಎಟಿ, ಸಿಯೇಟಿ. ಎಷ್ಟು ಬೇಗ ಹೇಳಿದರೂ ಅದರೊಳಗಿಂದ ಬೆಕ್ಕು ಮಾತ್ರ ಹೊರಗೆ ಬರುವುದಿಲ್ಲ. ಇಂಗ್ಲಿಷ್ ಓದಲು ಹೊರಟ ಮಗುವಿಗೆ ಮೊದಲು ಅಡ್ಡ ಬರುವುದೇ ಇದು. ಅಕ್ಷರದ ಹೆಸರು ಒಂದು, ಅದರ ಸದ್ದು ಇನ್ನೊಂದು.

ನಮ್ಮ ಲಿಪಿಯಲ್ಲಿ ಈ ತಾಪತ್ರಯ ಇಲ್ಲ. ಕ, ಮ, ಲ ಅಂದರೆ ಕಮಲ. ಹೆಸರು ಹೇಳಿದರೆ ಸದ್ದೂ ಹೇಳಿದಂತೆಯೇ. ಕಾಗುಣಿತ, ಒತ್ತಕ್ಷರ ಬಂದಾಗ ಮಕ್ಕಳು ಒದ್ದಾಡುತ್ತಾರೆ, ಅದು ಬೇರೆ ಮಾತು. ಇಂಗ್ಲಿಷಿನಲ್ಲಿ ಅಕ್ಷರ ಇರುವುದು 26, ಸದ್ದುಗಳು ಸುಮಾರು 44. ಇಷ್ಟು ಅಕ್ಷರದಲ್ಲಿ ಅಷ್ಟು ಸದ್ದು ಬರೆಯಬೇಕು ಅಂದರೆ ಒಂದೊಂದು ಅಕ್ಷರಕ್ಕೂ ಎರಡು ಮೂರು ಕೆಲಸ ಬೀಳುತ್ತದೆ. ಕಷ್ಟ ದೊಡ್ಡವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ನಾವು ಅದನ್ನು ದಾಟಿ ಬಹಳ ಕಾಲ ಆಗಿದೆ.

ಈ ಕಷ್ಟವನ್ನು ದಾಟಿಸಲು ಟಿವಿಯನ್ನು ಹೇಗೆ ಬಳಸಿದರು ಅನ್ನುವುದು ಇವತ್ತಿನ ಮಾತು. ಬಾನುಲಿಯಲ್ಲಿ ಕೂತು ಟಿವಿ ಬಗ್ಗೆ ಮಾತಾಡುವುದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆದರೆ ವಿಷಯ ಸದ್ದಿನದು. ಹಾಗಾಗಿ ಅರ್ಧ ಹಕ್ಕು ನಮಗೂ ಇದೆ.

ಕಥೆ ಶುರುವಾಗುವುದು ಅಮೆರಿಕದಲ್ಲಿ. ಕಾರ್ನೆಗಿ ಕಾರ್ಪೊರೇಷನ್ ಎಂಬ ದಾನಸಂಸ್ಥೆಯಲ್ಲಿ ಲಾಯ್ಡ್ ಮಾರಿಸೆಟ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಒಂದು ಬೆಳಗ್ಗೆ ಎದ್ದು ನೋಡುತ್ತಾರೆ, ಅವರ ಮೂರು ವರ್ಷದ ಮಗಳು ಟಿವಿ ಮುಂದೆ ಕೂತಿದ್ದಾಳೆ. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ. ಪರದೆಯ ಮೇಲೆ ಇದ್ದದ್ದು ಬರೀ ಗೆರೆ, ವೃತ್ತಗಳಿರುವ ಟೆಸ್ಟ್ ಪ್ಯಾಟರ್ನ್. ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾಳೆ! 1966ರಲ್ಲಿ ನ್ಯೂಯಾರ್ಕಿನಲ್ಲಿ ಟಿವಿ ನಿರ್ಮಾಪಕಿ ಜೋನ್ ಗಾಂಝ್ ಕೂನಿ ಅವರ ಮನೆಯಲ್ಲಿ ಊಟಕ್ಕೆ ಸೇರಿದಾಗ ಮಾರಿಸೆಟ್ ಕೇಳಿದರು: ಟಿವಿಯಿಂದ ಚಿಕ್ಕ ಮಕ್ಕಳಿಗೆ ಏನಾದರೂ ಕಲಿಸಬಹುದಾ?

ಕೂನಿ ಅವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಅಕ್ಷರ ಬಾರದ ಮಕ್ಕಳಿಗೂ ಜಾಹೀರಾತಿನ ಹಾಡುಗಳು ಬಾಯಿಪಾಠ. ಚಿಕ್ಕದಾಗಿ ಇರಬೇಕು, ಮತ್ತೆ ಮತ್ತೆ ಬರಬೇಕು, ಕಿವಿಗೆ ಹಿತವಾಗಿರಬೇಕು. ಸಾಬೂನು ಮಾರಲು ಆಗುತ್ತದೆ ಅಂದರೆ ಅಕ್ಷರ ಮಾರಲು ಏಕೆ ಆಗಬಾರದು? 1969ರ ನವೆಂಬರ್ 10ರಂದು 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಟಿವಿ ಸರಣಿ ಶುರುವಾಯಿತು. ಮೊದಲ ಕಂತಿನ ಪ್ರಾಯೋಜಕರು ಯಾರು ಗೊತ್ತಾ? ಡಬ್ಲ್ಯೂ, ಎಸ್ ಮತ್ತು ಇ ಅಕ್ಷರಗಳು, ಜೊತೆಗೆ 2 ಮತ್ತು 3. ಜಾಹೀರಾತಿನ ಧಾಟಿಯಲ್ಲೇ ಹಾಗೆ ಘೋಷಿಸಿದ್ದರು.

ಸೆಸಮಿ ಸ್ಟ್ರೀಟ್ ಶಾಲೆಗೆ ಹೋಗುವ ಮೊದಲಿನ ಮಕ್ಕಳಿಗೆ. ಅಕ್ಷರ ಗುರುತಿಸುವುದು, ಎಣಿಸುವುದು, ಇಷ್ಟು. ಆದರೆ ಗುರುತಿಸುವುದೇ ಓದುವುದಲ್ಲವಲ್ಲ. ಶಾಲೆಗೆ ಸೇರಿ ಎರಡು ವರ್ಷವಾದರೂ ಓದು ಹತ್ತದ ಮಕ್ಕಳು ಎಷ್ಟೋ ಜನ ಇದ್ದರು. ಅವರಿಗಾಗಿ ಅದೇ ತಂಡ ಇನ್ನೊಂದು ಸರಣಿ ಮಾಡಿತು: 'ದಿ ಎಲೆಕ್ಟ್ರಿಕ್ ಕಂಪನಿ'. 1971ರ ಅಕ್ಟೋಬರ್ 25ರಿಂದ 1977ರವರೆಗೆ, ಅರ್ಧ ಗಂಟೆಯ 780 ಕಂತುಗಳು. ಏಳರಿಂದ ಹತ್ತು ವರ್ಷದ ಮಕ್ಕಳು ಅವರ ಗುರಿ. ನನ್ನನ್ನು ಕೇಳಿದರೆ, ಹೆಸರು ಜಾಸ್ತಿ ಮಾಡಿದ್ದು ಸೆಸಮಿ ಸ್ಟ್ರೀಟ್, ಜಾಣತನ ಜಾಸ್ತಿ ಇದ್ದದ್ದು ಇದರಲ್ಲಿ.

ಅದರ ಒಂದು ತುಣುಕು ಹೇಳುತ್ತೇನೆ. ಪರದೆಯ ಮೇಲೆ ಎರಡು ಮುಖ. ಎದುರುಬದುರು. ಕಣ್ಣು ಮೂಗು ಏನೂ ಕಾಣುವುದಿಲ್ಲ, ಬರೀ ಕಪ್ಪು ನೆರಳು, ತುಟಿಯ ಅಂಚು ಮಾತ್ರ ಸ್ಪಷ್ಟ. ಹಿನ್ನೆಲೆಯಲ್ಲಿ ಮೆಲ್ಲಗೆ ಸಂಗೀತ. ಎಡಗಡೆಯ ಮುಖ ಬಾಯಿ ತೆರೆದು ಒಂದು ಸದ್ದು ಹೇಳುತ್ತದೆ. ಆ ಸದ್ದಿನ ಅಕ್ಷರ ತುಟಿಯಿಂದಲೇ ಹೊರಗೆ ಬರುತ್ತದೆ. ಬಲಗಡೆಯ ಮುಖ ಉಳಿದ ಸದ್ದು ಹೇಳುತ್ತದೆ. ಅದರ ಅಕ್ಷರಗಳೂ ಬರುತ್ತವೆ. ಎರಡೂ ನಡುವೆ ಬಂದು ಅಂಟಿಕೊಳ್ಳುತ್ತವೆ. ಆಗ ಇಬ್ಬರೂ ಸೇರಿ ಪೂರ್ತಿ ಪದ ಹೇಳುತ್ತಾರೆ. ಇಲ್ಲಿ ಒಬ್ಬನೇ ಇದ್ದೇನೆ, ಎರಡೂ ಮುಖ ನಾನೇ ಆಗುತ್ತೇನೆ, ಕೇಳಿ:

ಶ್… ಆಪ್. ಶಾಪ್.

ಫ್… ಆ್ಯನ್. ಫ್ಯಾನ್.

ಇಷ್ಟೇ. ಕಥೆ ಇಲ್ಲ, ತಮಾಷೆ ಇಲ್ಲ. ಆದರೂ ಇದನ್ನು ಪುಸ್ತಕ ಮಾಡಲಾರದು. ಪುಸ್ತಕದಲ್ಲಿ ಪದ ಆಗಲೇ ಸೇರಿಕೊಂಡು ಕೂತಿರುತ್ತದೆ. ಸೇರುವ ಗಳಿಗೆಯನ್ನು ತೋರಿಸಲು ಚಲಿಸುವ ಚಿತ್ರವೇ ಬೇಕು. ಓದು ಬಾರದ ಮಗುವಿಗೆ ತಿಳಿಯದೆ ಇರುವುದು ಸಾಮಾನ್ಯವಾಗಿ ಆ ಗಳಿಗೆಯೇ. ಸದ್ದುಗಳು ಬೇರೆ ಬೇರೆಯಾಗಿ ಗೊತ್ತಿರುತ್ತವೆ, ಕೂಡಿಸುವುದು ಗೊತ್ತಿರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ನಾಲಿಗೆಗೆ ಅದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಕನ್ನಡದ ವ್ಯಂಜನವನ್ನು ಹೆಸರಿಸುವಾಗ ನಾವು ಒಂದು 'ಅ' ಜೊತೆಗಿಟ್ಟುಕೊಂಡೇ ಹೇಳುತ್ತೇವೆ. ಹಾಗಾಗಿ ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಹಿಡಿದು ಓದುವ ಪಾಠ, ಹೇಳಿಕೊಡುವಾಗ ನಾವು 'ಕ, ಆ್ಯ, ಟ' ಅನ್ನುತ್ತೇವೆ. ಮಗು ಅದನ್ನು ನಂಬಿ ಕೂಡಿಸಿದರೆ ಬರುವುದು 'ಕಆ್ಯಟ'. ಮಗುವಿನ ತಪ್ಪಲ್ಲ, ನಾವು ಕೊಟ್ಟದ್ದನ್ನೇ ಅದು ಕೂಡಿಸಿದೆ. ಆ 'ಅ'ವನ್ನು ಕತ್ತರಿಸಿ ಹೇಳಬೇಕು. ಮ್, ಸ್, ಫ್ ಇವನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು: ಮ್‌ಮ್‌ಮ್, ಸ್‌ಸ್‌ಸ್. ಅವು ಮುಂದಿನ ಸದ್ದಿಗೆ ಸುಲಭವಾಗಿ ಹರಿದು ಸೇರುತ್ತವೆ. ಕ್, ಟ್, ಪ್ ಹಾಗಲ್ಲ. ಬಾಯಲ್ಲಿ ಗಾಳಿ ತಡೆದು ಬಿಟ್ಟೊಡನೆ ಮುಗಿಯಿತು. ಅವನ್ನು ಪಿಸುಮಾತಿನಲ್ಲಿ ಚುಟುಕಾಗಿ ಹೇಳುವುದೇ ಸರಿ. ಮನೆಯಲ್ಲಿ ಶುರು ಮಾಡುವವರು ಎಳೆಯಬಹುದಾದ ಸದ್ದಿನಿಂದ ಶುರು ಮಾಡಿ. 'ಮ್‌ಮ್ಯಾನ್' ಕೂಡಿಸುವುದು 'ಕ್ಯಾಟ್'ಗಿಂತ ಎಷ್ಟೋ ಸುಲಭ.

ಈ ಸರಣಿಗಳನ್ನು ಮಾಡಿದವರು ತಮಗೆ ತೋಚಿದ್ದನ್ನು ತೋಚಿದ ಹಾಗೆ ಮಾಡಲಿಲ್ಲ. ಎಡ್ವರ್ಡ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪರೀಕ್ಷೆ ಕಂಡುಹಿಡಿದರು. ಒಂದು ಮಗುವನ್ನು ಟಿವಿ ಮುಂದೆ ಕೂರಿಸುವುದು. ಪಕ್ಕದಲ್ಲೇ ಇನ್ನೊಂದು ಪರದೆ. ಅದರಲ್ಲಿ ಏಳೂವರೆ ಸೆಕೆಂಡಿಗೊಮ್ಮೆ ಬಣ್ಣಬಣ್ಣದ ಸ್ಲೈಡ್ ಬದಲಾಗುತ್ತದೆ. ಮಗುವಿನ ಕಣ್ಣು ಟಿವಿ ಬಿಟ್ಟು ಸ್ಲೈಡಿನ ಕಡೆ ಯಾವಾಗ ಹೋಯಿತು, ಅದನ್ನು ಒಬ್ಬರು ಬರೆದುಕೊಳ್ಳುತ್ತಾ ಹೋಗುತ್ತಾರೆ. ಕಣ್ಣು ತಪ್ಪಿದ ಜಾಗ ಕಾರ್ಯಕ್ರಮ ಬೇಸರ ಹಿಡಿಸಿದ ಜಾಗ. ನಾವು ಬಾನುಲಿಯವರನ್ನು ಹೀಗೆ ಪರೀಕ್ಷಿಸಿದರೆ ಎಷ್ಟು ಜನ ಉಳಿಯುತ್ತೇವೋ ಗೊತ್ತಿಲ್ಲ.

ಆಮೇಲೆ ಇನ್ನೂ ಮುಂದೆ ಹೋದರು. ಟಿವಿಯನ್ನೇ ನೋಡುತ್ತಿದೆ ಸರಿ, ಆದರೆ ಪರದೆಯ ಯಾವ ಭಾಗ ನೋಡುತ್ತಿದೆ? ಕಣ್ಣಿನ ಚಲನೆ ದಾಖಲಿಸುವ ಯಂತ್ರ ತಂದರು. ಸೆಸಮಿ ಸ್ಟ್ರೀಟಿನಲ್ಲಿ ಆಸ್ಕರ್ ಅಂತ ಒಂದು ಹಸಿರು ಗೊಂಬೆ ಇದೆ. ಕಸದ ಡಬ್ಬಿಯಲ್ಲಿ ವಾಸ, ಸದಾ ಸಿಡುಕು, ಮಕ್ಕಳಿಗೆ ಪ್ರಾಣ. ಅವನು ಸದ್ದು ಕೂಡಿಸುವುದನ್ನು ಕಲಿಸುವ ಒಂದು ತುಣುಕಿತ್ತು. ಮಕ್ಕಳಿಗೆ ಬಹಳ ಇಷ್ಟ. ಯಂತ್ರ ಹೇಳಿದ್ದೇ ಬೇರೆ: ಅಕ್ಷರಗಳು ಪರದೆಯ ಕೆಳಗಿನ ಮೂಲೆಗಳಲ್ಲಿ ಬರುತ್ತಿದ್ದವು, ಮಕ್ಕಳ ಕಣ್ಣು ಆಸ್ಕರ್ ಮೇಲೇ ಇತ್ತು. ನಕ್ಕರು, ಖುಷಿಪಟ್ಟರು, ಅಕ್ಷರವನ್ನು ಸರಿಯಾಗಿ ನೋಡಲೇ ಇಲ್ಲ.

ಮಕ್ಕಳ ಕಾರ್ಯಕ್ರಮ ಮಾಡುವ ಪ್ರತಿಯೊಬ್ಬರೂ ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು ಅನ್ನಿಸುತ್ತದೆ. ಇವತ್ತು ಮೊಬೈಲಿನಲ್ಲಿ ಬರುವ ಎಷ್ಟೋ ಅಕ್ಷರಮಾಲೆ ವಿಡಿಯೋಗಳನ್ನು ನೋಡಿ. ಆನೆ ಕುಣಿಯುತ್ತದೆ, ಹಿಂದೆ ಪಟಾಕಿ, ಮುಂದೆ ಬಲೂನು, ಮೂಲೆಯಲ್ಲೆಲ್ಲೋ ಒಂದು ಅಕ್ಷರ ಅನಾಥವಾಗಿ ನಿಂತಿರುತ್ತದೆ. ಮಗು ಕಲಿಯುವುದು ಕುಣಿತವನ್ನು.

ಎಲೆಕ್ಟ್ರಿಕ್ ಕಂಪನಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಬಂದದ್ದು 1974ರಲ್ಲಿ. ಸ್ಪೈಡರ್‌ಮ್ಯಾನ್ ಬಂದ. ಮುಖವಾಡ, ಕೆಂಪು ನೀಲಿ ಬಟ್ಟೆ, ಬಲೆ, ಎಲ್ಲ ಅದೇ. ಆದರೆ ಮಾತಾಡುವುದಿಲ್ಲ! ಕಥೆ ಹೇಳುವವರು ಮಾತಾಡುತ್ತಾರೆ, ಕಳ್ಳರು ಮಾತಾಡುತ್ತಾರೆ, ಪೊಲೀಸರು ಮಾತಾಡುತ್ತಾರೆ. ಸ್ಪೈಡರ್‌ಮ್ಯಾನ್ ಸರದಿ ಬಂದಾಗ ಅವನ ತಲೆಯ ಮೇಲೆ ಕಾಮಿಕ್ಸಿನಲ್ಲಿ ಬರುವ ಹಾಗೆ ಮಾತಿನ ಗುಳ್ಳೆ ಬರುತ್ತದೆ, ಅದರಲ್ಲಿ ಅಕ್ಷರ. ಸದ್ದೇ ಇಲ್ಲ. ಕಥೆಯ ನಾಯಕ ಏನೆಂದ ಅಂತ ತಿಳಿಯಬೇಕಾದರೆ ಓದಲೇಬೇಕು.

ಯೋಚನೆ ಮಾಡಿ, ಇದು ಎಂಥ ಧೈರ್ಯ. ಟಿವಿಯವರಿಗೆ ಮೌನ ಅಂದರೆ ಭಯ. ಒಂದೆರಡು ಸೆಕೆಂಡ್ ಸದ್ದು ನಿಂತರೆ ನೋಡುವವರು ಚಾನೆಲ್ ಬದಲಿಸುತ್ತಾರೆ ಅನ್ನುವ ಆತಂಕ. ಇವರು ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯನಾದವನ ಬಾಯಿಯನ್ನೇ ಮುಚ್ಚಿಸಿದರು. ಅಲ್ಲಿಯವರೆಗೆ ಸದ್ದು ಕೊಟ್ಟು ಓದು ಕಲಿಸುತ್ತಿದ್ದವರು, ಇಲ್ಲಿ ಸದ್ದು ಕಿತ್ತುಕೊಂಡು ಕಲಿಸಿದರು. ಆ ಖಾಲಿ ಜಾಗವನ್ನು ತುಂಬುವುದು ಮಗುವಿನ ಸ್ವಂತ ದನಿ. ಇಂಥ ಕಾರ್ಯಕ್ರಮಗಳ ನಿಜವಾದ ಕಸುಬು ಇರುವುದು ಇಲ್ಲೇ, ಯಾವಾಗ ಸುಮ್ನೆ ಇರಬೇಕು ಅಂತ ತಿಳಿಯುವುದರಲ್ಲಿ.

ಬೇರೆ ಪಾತ್ರಗಳೂ ಇದ್ದವು. 'ಈಝಿ ರೀಡರ್' ಅಂತ ಒಬ್ಬ, ಕಣ್ಣಿಗೆ ಬಿದ್ದ ಬೋರ್ಡು, ಚೀಟಿ, ಏನನ್ನೂ ಓದದೆ ಬಿಡುವವನಲ್ಲ. ಆ ಪಾತ್ರ ಮಾಡಿದ್ದು ಮಾರ್ಗನ್ ಫ್ರೀಮನ್. ಹೌದು, ಆಮೇಲೆ ಆಸ್ಕರ್ ಪ್ರಶಸ್ತಿ ಗೆದ್ದ ಅದೇ ನಟ. ಪ್ರಶಸ್ತಿಯನ್ನು ಮೊದಲೇ ಗೆದ್ದು ಬಂದಿದ್ದ ರೀಟಾ ಮೊರೇನೋ ಕೂಡ ಈ ತಂಡದಲ್ಲಿದ್ದರು. ಪದದ ಒಂದು ಅಕ್ಷರ ಕದ್ದು ಬದಲಿಸಿ ಗೊಂದಲ ಎಬ್ಬಿಸುವ ಖಳನೊಬ್ಬ, ಸರಿಯಾದ ಅಕ್ಷರ ತಂದು ಕೂರಿಸುವ 'ಲೆಟರ್‌ಮ್ಯಾನ್' ಎಂಬ ವೀರನೊಬ್ಬ, ಇದು ಕಾರ್ಟೂನ್. ಪದದ ಕೊನೆಯಲ್ಲಿ ತಾನು ಸದ್ದು ಮಾಡದೆ ಬೇರೆಯವರ ಸದ್ದು ಬದಲಿಸುವ 'ಇ' ಬಗ್ಗೆ ಒಂದು ಹಾಡು. ಕಿಟ್ ಎಂಬುದರ ಕೊನೆಗೆ ಅದು ಬಂದು ನಿಂತರೆ ಕೈಟ್, ಹಾಪ್ ಎಂಬುದು ಹೋಪ್. ಆ ಹಾಡು ಬರೆದವರು ಟಾಮ್ ಲೆಹ್ರರ್, ವೃತ್ತಿಯಿಂದ ಗಣಿತದ ಮೇಷ್ಟ್ರು.

ಈಗಿನ ಮಕ್ಕಳಿಗೆ ಇದೇ ಕೆಲಸ ಮಾಡುತ್ತಿರುವುದು ಬ್ರಿಟನ್ನಿನ 'ಆಲ್ಫಾಬ್ಲಾಕ್ಸ್'. ಬಿಬಿಸಿಯ ಮಕ್ಕಳ ವಾಹಿನಿ ಸೀಬೀಬೀಸ್‌ನಲ್ಲಿ 2010ರಲ್ಲಿ ಶುರುವಾಯಿತು. ಒಂದೊಂದು ಕಂತು ಐದು ನಿಮಿಷದ ಆಸುಪಾಸು. ಇಪ್ಪತ್ತಾರು ಅಕ್ಷರಗಳೂ ಜೀವ ಇರುವ ಪಾತ್ರಗಳು. ಒಬ್ಬೊಬ್ಬರ ಸ್ವಭಾವವೇ ಅವರ ಸದ್ದು. 'ಎ' ತಲೆಯ ಮೇಲೆ ಸೇಬು ಬೀಳುತ್ತದೆ, 'ಆ್ಯ!' ಅನ್ನುತ್ತಾಳೆ. 'ಎಂ'ಗೆ ಸದಾ ಹಸಿವು, 'ಮ್‌ಮ್‌ಮ್'. 'ಎಚ್'ಗೆ ಓಡಿ ಓಡಿ ಏದುಸಿರು, 'ಹ್, ಹ್'. 'ಝಡ್' ಗೊರಕೆ ಹೊಡೆಯುತ್ತದೆ. ಈ ಅಕ್ಷರಗಳು ಪಕ್ಕಪಕ್ಕ ನಿಂತು ಕೈ ಕೈ ಹಿಡಿದರೆ ಪದ ಆಗುತ್ತದೆ, ಆ ವಸ್ತು ಅಲ್ಲೇ ಪ್ರತ್ಯಕ್ಷ. ಕೈ ಬಿಟ್ಟರೆ ಪದ ಮುರಿಯಿತು.

ಹಳೆಯ ನೆರಳು ಮುಖಗಳ ಉಪಾಯವೇ ಇದು. ಒಂದು ವ್ಯತ್ಯಾಸ: ಇಲ್ಲಿ ಅಕ್ಷರವೇ ಪಾತ್ರ. ಮಗು ಪಾತ್ರವನ್ನು ನೋಡಿದರೂ ಅಕ್ಷರವನ್ನು ನೋಡಿದ ಹಾಗೇ ಆಯಿತು. ಆಸ್ಕರ್ ಮಾಡಿದ ಎಡವಟ್ಟಿಗೆ ಇಲ್ಲಿ ಜಾಗವೇ ಇಲ್ಲ.

ಹಾಗಾದರೆ ಟಿವಿ ಹಾಕಿಕೊಟ್ಟರೆ ಸಾಕಾ? ಎಲೆಕ್ಟ್ರಿಕ್ ಕಂಪನಿ ಶುರುವಾದಾಗ 'ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್' ಎಂಬ ಸಂಸ್ಥೆ ಇದನ್ನೇ ಅಳೆದು ನೋಡಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ, ಒಹಾಯೋದ ಯಂಗ್ಸ್‌ಟೌನ್ ಊರುಗಳ ಶಾಲೆಗಳಲ್ಲಿ ತರಗತಿಯಲ್ಲಿ ಕೂತು ನೋಡಿದ ಮಕ್ಕಳು ಓದಿನಲ್ಲಿ ಸ್ಪಷ್ಟವಾಗಿ ಮುಂದೆ ಬಂದರು. ಮನೆಯಲ್ಲಿ ತಮ್ಮ ಪಾಡಿಗೆ ನೋಡಿದ ಮಕ್ಕಳಲ್ಲಿ ಅಂಥ ಫಲ ಕಾಣಲಿಲ್ಲ. ಕಾರ್ಯಕ್ರಮ ಅದೇ, ಪರದೆ ಅಂಥದ್ದೇ. ತರಗತಿಯಲ್ಲಿ ಟೀಚರ್ ಇದ್ದರು. ಸುತ್ತ ಬೇರೆ ಮಕ್ಕಳಿದ್ದರು. ನೋಡಿದ್ದನ್ನು ಯಾರೋ ಒಬ್ಬರು ಗಟ್ಟಿಯಾಗಿ ಹೇಳುತ್ತಾರೆ, ಇನ್ನೊಬ್ಬರು ಬೋರ್ಡಿನ ಮೇಲೆ ಬರೆಯುತ್ತಾರೆ. ವ್ಯತ್ಯಾಸ ಮಾಡಿದ್ದು ಇದೇ ಇರಬೇಕು ಅಂತ ನನ್ನ ಊಹೆ.

ಈಗ ನಮ್ಮ ಕೈಯಲ್ಲಿ ಆ ಕಾಲದ ಟೀಚರ್‌ಗಳಿಗೆ ಇಲ್ಲದಿದ್ದ ಒಂದು ಅನುಕೂಲ ಇದೆ, ನಿಲ್ಲಿಸುವ ಗುಂಡಿ. ಮಗುವಿನ ಪಕ್ಕ ಕೂತು ನೋಡಿ. ಸದ್ದುಗಳು ಒಂದೊಂದಾಗಿ ಬಂದ ಮೇಲೆ, ಪರದೆಯ ಮೇಲಿನವರು ಪದ ಹೇಳುವ ಮೊದಲೇ ನಿಲ್ಲಿಸಿ. ನೀವೂ ಹೇಳಬೇಡಿ. ಬಾಯಿ ಬಿಡದೆ ಕಾಯುವುದು ಕಷ್ಟ, ತುದಿ ನಾಲಿಗೆಯಲ್ಲೇ ಇರುತ್ತದೆ. ಆದರೂ ಕಾಯಿರಿ. ಮಗು ಏನು ಹೇಳುತ್ತದೋ ಹೇಳಲಿ, ಆಮೇಲೆ ಮುಂದಕ್ಕೆ ಬಿಡಿ. ಅದು ಹೇಳಿದ್ದು ಸರಿಯೋ ತಪ್ಪೋ, ಪರದೆಯೇ ಹೇಳುತ್ತದೆ.

ನಮಸ್ಕಾರ.